ಕುಮಾರಯ್ಯ ಭಂಡಾರಕ್ಕಿಟ್ಟ ಫೈಲು

ಕಾಶಿಗೆ ಬಂದವರು ತಮಗೆ ಪ್ರಿಯವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಹೋಗಬೇಕು ಎಂಬುದು ಹಿರಿಯರು ಮಾಡಿದ ಕಟ್ಟಳೆ. ಕಟ್ಟಳೆ ಮಾಡುವುದು ಹಿರಿಯರ ಕೆಲಸವಾದರೆ ಅದರಲ್ಲಿ ಕಂಡಿ ಹುಡುಕುವುದು ಕಿರಿಯರ ಕೆಲಸ. ಚಿತ್ರದುರ್ಗದ ಕಡೆಯಿಂದ ಇಪ್ಪತ್ತೆರಡು ವರ್ಷಗಳ ಹಿಂದೆ ಬಂದ ಕುಮಾರಯ್ಯ ಹಾಗಲಕಾಯಿ ಬಿಟ್ಟ. ಹುಟ್ಟಿದಾಗಿನಿಂದ ಅವನು ಅದನ್ನು ಬಾಯಿಗಿಟ್ಟವನಲ್ಲ. ಅವನ ಹೆಂಡತಿ ಜಗದಾಂಬ ಗಂಡನಿಗೆ ಎದುರಾಡುವುದನ್ನು ಬಿಟ್ಟೆ ಎಂದು ಮೊಣಕಾಲು ನೀರಿನಲ್ಲಿ ನಿಂತು ಹೇಳಿದಳು. ಮೂರನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅವನ ಪಂಚೆಯ ಕಚ್ಚೆ ಸರಿಯಿಲ್ಲವೆಂದು ಶುರುಮಾಡಿದಳು. ಹೀಗೆ ಇಬ್ಬರೂ ಏನನ್ನೂ ಕಳೆದುಕೊಳ್ಳದೆ ಕಾಶೀವಾಸಿಗಳಾದರು.

ಶಿವಾಲದ ಗಲ್ಲಿಯೊಳಗೆ, ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕಾದಲ್ಲಿ, ಬೆಳ್ಳಿಬೆತ್ತದ ಮಠವಿದೆ. ಕನ್ನಡನಾಡಿನ ಯಾತ್ರಿಕರಿಗೆ ಅಲ್ಲಿ ಹದಿನೆಂಟು ಕೋಣೆ, ಎರಡು ಹೊತ್ತು ಊಟ, ಬೇಡವೆಂದರೂ ಉಪದೇಶ. ಕುಮಾರಯ್ಯ ಆ ಮಠದ ಗುಮಾಸ್ತ. ಗುಮಾಸ್ತನನ್ನು ಯಾರು ಲೆಕ್ಕಕ್ಕಿಡುತ್ತಾರೆ? ಆದರೆ ಅವನ ಸೊಂಟದಲ್ಲಿ ಭಂಡಾರದ ಕೀಲಿಯಿತ್ತು. ಗೇಣುದ್ದದ ಕಬ್ಬಿಣದ ಕೀಲಿ. ಅದು ತೊಡೆಗೆ ಬಡಿದು ಟಣ್ ಅಂದಾಗಲೆಲ್ಲ ಕುಮಾರಯ್ಯನ ಎದೆ ಅರ್ಧ ಅಂಗುಲ ಮುಂದೆ ಬರುತ್ತಿತ್ತು.

ಮಠದಲ್ಲೊಂದು ಪದ್ಧತಿ: ಬಂದದ್ದು ಮೊದಲು ಭಂಡಾರಕ್ಕೆ. ಭಕ್ತರು ಏನೇ ಕೊಡಲಿ, ಅದು ಭಂಡಾರದಲ್ಲಿ ಒಂದು ಸೋಮವಾರ ಕಳೆದು, ಪೂಜೆಯಾಗಿ, ಆಮೇಲೆ ಬಳಕೆಗೆ ಬರಬೇಕು. ಒಳಗೆ ಹೋಗಬೇಕೆಂಬ ಭಾಗವನ್ನು ಕುಮಾರಯ್ಯ ಚಾಚೂ ತಪ್ಪದೆ ನಡೆಸಿದ. ಹೊರಗೆ ಬರಬೇಕೆಂಬ ಭಾಗಕ್ಕೆ ಅವನಿಗೆ ಪುರುಸೊತ್ತಾಗಿರಲಿಲ್ಲ.

ಇಂಥ ಕೀಲಿಗೆ ಕುತ್ತು ಬಂತು. ಊರಿನ ಹಿರಿಯ ಮಠದಿಂದ ಬಂದ ಪತ್ರದಲ್ಲಿ ಹೀಗಿತ್ತು: ಶಿವರಾತ್ರಿಯ ಮೊದಲ ಯಾತ್ರಿಕರ ತಂಡ ಗುರುವಾರ ಬರುತ್ತದೆ. ಅಂದಿನಿಂದ ಕೋಣೆಯ ಚೀಟಿ ಕಂಪ್ಯೂಟರಿನಿಂದಲೇ, ಕನ್ನಡದಲ್ಲಿಯೇ ಬರತಕ್ಕದ್ದು. ಅಂದು ಚೀಟಿ ಬಂದರೆ ಭಂಡಾರದ ಕೀಲಿ ಕುಮಾರಯ್ಯನ ಹತ್ತಿರವೇ ಇರತಕ್ಕದ್ದು. ಬಾರದಿದ್ದರೆ ಕೀಲಿಯನ್ನು ಮ್ಯಾನೇಜರ್ ವೀರಭದ್ರಯ್ಯನವರಿಗೆ ಒಪ್ಪಿಸಿ, ಕುಮಾರಯ್ಯ ಗೋಶಾಲೆಗೆ ಹೋಗತಕ್ಕದ್ದು.

ವೀರಭದ್ರಯ್ಯ ಪತ್ರವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಎರಡನೆಯ ಸಲ ಕೊನೆಯ ಸಾಲನ್ನು ಮಾತ್ರ.

"ನಮ್ಮ ಹಸುಗಳು ಸಾಧು, ಕುಮಾರಯ್ಯ" ಎಂದರು. "ಒದೆಯೋದು ಒಂದೇ. ಅದೂ ಹೊಸಬರನ್ನ."

ಮಠದ ಕಚೇರಿಯಲ್ಲಿ ಕಂಪ್ಯೂಟರ್ ಇತ್ತು. ಕೋಣೆ ಕಾದಿರಿಸುವ ವೆಬ್ ಆ್ಯಪೂ ಅದರಲ್ಲೇ ಇತ್ತು. ಊರಲ್ಲಿ ಕೂತ ಭಕ್ತರು ಫೋನಿನಲ್ಲೇ ಹೆಸರು ಬರೆಸುತ್ತಿದ್ದರು, ಹೆಸರು ಬಂದು ಬೀಳುತ್ತಿತ್ತು. ಚೀಟಿ ಮಾತ್ರ ಬರುತ್ತಿರಲಿಲ್ಲ. ಕನ್ನಡದ ಚೀಟಿ ಬರೆಯುವುದಕ್ಕೆ ಲೈಬ್ರರಿ ಎಂಬ ಒಂದು ಫೈಲು ಬೇಕು, ಅದನ್ನು ಸಿಸ್ಟಮ್ಮಿನಲ್ಲಿ ನೋಂದಾಯಿಸಬೇಕು, ನೋಂದಾಯಿಸಲು ಒಡೆಯನ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇಟ್ಟವನು ತಂಗಿಯ ಮದುವೆಗೆಂದು ಬಲಿಯಾ ಕಡೆಗೆ ಹೋಗಿ ಎರಡು ವರ್ಷವಾಗಿತ್ತು. ಆ ಮದುವೆ ಇನ್ನೂ ನಡೆಯುತ್ತಿರಬೇಕು.

ಮಠದ ಕಂಪ್ಯೂಟರಿಗೆ ಶಿವನ ಹೆಸರಲ್ಲದೆ ಬೇರೇನು ಇಟ್ಟಿರುತ್ತಾನೆಂದು ಕುಮಾರಯ್ಯ ಸಹಸ್ರನಾಮದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತ. ದಿನಕ್ಕೆ ಹತ್ತು ನಾಮ. ಪ್ರತಿ ನಾಮಕ್ಕೂ ಕಂಪ್ಯೂಟರ್ 'ನಿಮಗೆ ಅಧಿಕಾರವಿಲ್ಲ' ಎನ್ನುತ್ತಿತ್ತು. ಆ ಮಾತನ್ನು ಹೆಂಡತಿಯಿಂದ ಕೇಳಿ ರೂಢಿಯಾಗಿದ್ದವನು ಎದೆಗುಂದಲಿಲ್ಲ.

ಗುರುವಾರಕ್ಕೆ ಇನ್ನು ಮೂರೇ ದಿನವಿದ್ದಾಗ, ಸೋಮವಾರ ಮಧ್ಯಾಹ್ನ, ಗ್ರೀಷ್ಮಾ ಬಂದಳು. ಧಾರವಾಡದ ಹುಡುಗಿ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಅಸ್ಸಿ ಘಾಟಿನ ಬಳಿ ಕೋಣೆ ಹಿಡಿದಿದ್ದಳು. ಸೋಮವಾರ ಮಠದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಭಕ್ತಿ ಎಂದು ಕರೆಯುವುದಾದರೆ ಅವಳ ಭಕ್ತಿ ಅದೇ.

"ಏನ್ ಮಾಡಾಕತ್ತೀರಿ ಕಾಕಾ?"

"ಶಿವನಾಮ ಹೊಡೀತಾ ಇದೀನಮ್ಮ. ಇನ್ನೂರಾ ಹದಿನಾಲ್ಕಾಯ್ತು."

ಅವಳು ತೆರೆಯನ್ನು ನೋಡಿದಳು, ಪುಸ್ತಕವನ್ನು ನೋಡಿದಳು, ಅವನನ್ನು ನೋಡಿದಳು. "ಸರೀರಿ ಸ್ವಲ್ಪ" ಎಂದು ಕುರ್ಚಿ ಹಿಡಿದಳು.

"ನೋಂದಾಯಿಸೋದ ಬ್ಯಾಡ್ರಿ ಕಾಕಾ. ಸಿಸ್ಟಮ್ಮಿಗೆ ಹೇಳೋದೂ ಬ್ಯಾಡ, ಅದರ ಅಪ್ಪಣಿ ಕೇಳೋದೂ ಬ್ಯಾಡ. ಈ ಲೈಬ್ರರಿ ಫೈಲ್ ಅದ ಅಲ್ಲ, ಇದನ್ನ ನಿಮ್ಮ ಆ್ಯಪ್ ಇರೋ ಫೋಲ್ಡರಿನ್ಯಾಗ ಅದರ ಮಗ್ಗಲಕ್ಕ ಇಟ್ಟಬಿಡೋದು. ಜೋಡಿ ಒಂದು ಸಣ್ಣ ಗುರುತಿನ ಫೈಲ್, 'ಇಂವ ನಮ್ಮಾಂವ, ಇಲ್ಲೇ ಅದಾನ' ಅಂತ. ಆ್ಯಪಿಗೆ ಬೇಕಾದಾಗ ಮಗ್ಗಲಕ್ಕ ಕೈ ಚಾಚಿ ತಗೋತದ."

"ಅಷ್ಟೇನಾ?"

"ಅಷ್ಟ. ಆದ್ರ ಒಂದ ಮಾತು. ಅದನ್ನ ಅಲ್ಲಿಂದ ಅಲ್ಲಾಡಸಬ್ಯಾಡ್ರಿ. ದೊಡ್ಡ ಪಟ್ಟಿಯೊಳಗ ಅದರ ಹೆಸರಿಲ್ಲ, ನೆಪ್ಪಿಡ್ರಿ. ಮಗ್ಗಲ ಬಿಟ್ಟು ಹೋತು ಅಂದ್ರ ಅದು ಎಲ್ಲೈತಿ ಅಂತ ಹೇಳಾಕ ಯಾರೂ ಇರಂಗಿಲ್ಲ."

ಕುಮಾರಯ್ಯ ಗಂಭೀರವಾಗಿ ತಲೆಯಾಡಿಸಿದ. ಅರ್ಥವಾಗದ ಮಾತಿಗೆ ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರು ಕಾಶಿಯಲ್ಲಿರಲಿಲ್ಲ. ಅಂದರೆ ಆ ವಿದ್ಯೆಯಲ್ಲಿ ಅವನು ಜಗತ್ತಿಗೇ ಮೊದಲಿಗ. ಅವಳು ತನ್ನ ಫೋನಿನಿಂದ ಎರಡು ಫೈಲು ಇಳಿಸಿ ಇಟ್ಟಳು, ಒಂದು ಗುಂಡಿ ಒತ್ತಿದಳು. ಪ್ರಿಂಟರ್ ಕೆಮ್ಮಿ, ಕ್ಯಾಕರಿಸಿ, ಚೀಟಿಯೊಂದನ್ನು ಉಗುಳಿತು: 'ಕೋಣೆ ಸಂಖ್ಯೆ ೭. ಶರಣು ಶರಣಾರ್ಥಿ.'

ಗ್ರೀಷ್ಮಾ ರೊಟ್ಟಿಗೆ ಹೋದಳು. ಕುಮಾರಯ್ಯ ನೇರವಾಗಿ ಅಸ್ಸಿಗೆ ಹೋದ.

ಅಸ್ಸಿಯ ಚಹಾದಂಗಡಿಯಲ್ಲಿ ಗೊತ್ತಿಲ್ಲ ಎನ್ನುವ ಮಾತನ್ನು ಯಾರೂ ಆಡಿದ ದಾಖಲೆಯಿಲ್ಲ. ಅಲ್ಲಿ ಕುಮಾರಯ್ಯ ಮಣ್ಣಿನ ಕುಲ್ಹಡ್ ಹಿಡಿದು ನಿಂತು, ತಾನು ಪಾಸ್‌ವರ್ಡಿಲ್ಲದೆ, ಸಿಸ್ಟಮ್ಮಿನ ಅಪ್ಪಣೆಯಿಲ್ಲದೆ, ಬರಿಯ ಬುದ್ಧಿಬಲದಿಂದ ಲೈಬ್ರರಿ ಕೂರಿಸಿದ ಕಥೆ ಹೇಳಿದ. ಕಥೆಯಲ್ಲಿ ಗ್ರೀಷ್ಮಾ ಮೊದಲು 'ಒಬ್ಬ ಹುಡುಗಿ ಪಕ್ಕದಲ್ಲಿದ್ದಳು' ಎಂದಾದಳು. ಎರಡನೆಯ ಕುಲ್ಹಡ್ ಹೊತ್ತಿಗೆ ಪಕ್ಕದಲ್ಲೂ ಇರಲಿಲ್ಲ.

"ಕಾ ಗುರು!" ಎಂದ ಚಹಾದಂಗಡಿಯ ಛೋಟೇಲಾಲ್. "ಸರ್ಕಾರ್ ಕೋ ಮಾಲೂಮ್ ಹೈ? ಸರ್ಕಾರಕ್ಕೆ ಗೊತ್ತಾದರೆ ನಿನ್ನನ್ನು ದಿಲ್ಲಿಗೆ ಕರೆಸಿಕೊಳ್ಳುತ್ತೆ. ಹೋಗುವ ಮುಂಚೆ ಎರಡು ಚಹಾದ್ದು ಕೊಟ್ಟು ಹೋಗು."

ಈ ಕೀರ್ತಿ ಕುಮಾರಯ್ಯನಿಗಿಂತ ಮೊದಲೇ ಮಠಕ್ಕೆ ಬಂದು ತಲುಪಿತು. ಮಂಗಳವಾರ ಬೆಳಗ್ಗೆ ವೀರಭದ್ರಯ್ಯ ಕಚೇರಿಯ ಬಾಗಿಲಲ್ಲಿ ನಿಂತರು. ಕೈಗೆ ಬಂದ ಕೀಲಿ ಜಾರಿ ಹೋಗುವ ಸಂಕಟ ಅವರ ಮುಖದ ತುಂಬ ಇತ್ತು. ಅದನ್ನು ಅವರು ಧರ್ಮಸಂಕಟದಂತೆ ತೋರಿಸುತ್ತಿದ್ದರು.

"ಹೊಸ ಫೈಲು ಬಂದಿದೆಯಂತೆ."

"ಬಂದಿದೆ."

"ಭಕ್ತರು ಕೊಟ್ಟದ್ದೋ?"

"ಅದೇ... ಗ್ರೀಷ್ಮಾ ಕೊಟ್ಟಳು."

"ಮತ್ತೆ ಭಂಡಾರಕ್ಕೆ ಹೋಗಿ ಬಂತೋ?"

ಕುಮಾರಯ್ಯನ ಕೈ ಸೊಂಟದ ಕೀಲಿಗೆ ಹೋಯಿತು.

"ನೂರಾರು ವರ್ಷದ ಪದ್ಧತಿ" ಎಂದು ವೀರಭದ್ರಯ್ಯ ನಿಟ್ಟುಸಿರಿಟ್ಟರು. "ಹೋಗಲಿ ಬಿಡು. ಕೀಲಿ ಹಿಡಿದವನೇ ಮರೆತರೆ ಉಳಿದವರನ್ನು ಯಾರು ಕೇಳುತ್ತಾರೆ. ಊರಿಗೆ ಪತ್ರ ಬರೆಯುವಾಗ ಬರೆದರಾಯಿತು."

ಅವರು ಹೋದ ಮೇಲೆ ಕುಮಾರಯ್ಯ ಬೆವರಿದ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸೌಟು ಕೂಡ ಅವನ ಕಣ್ಣು ತಪ್ಪಿಸಿ ಅಡಿಗೆಮನೆ ಸೇರಿರಲಿಲ್ಲ. ಈಗ ಅವನ ಕೈಯಿಂದಲೇ ಅಪಚಾರ! ಅಲ್ಲದೆ ಎಂಥ ಅಮೂಲ್ಯ ಫೈಲು: ಪಾಸ್‌ವರ್ಡಿಗೂ ಬಗ್ಗದ ಕಂಪ್ಯೂಟರನ್ನು ಬಗ್ಗಿಸಿದ್ದು. ಅದನ್ನು ಯಾರು ಬೇಕಾದರೂ ತೆರೆಯಬಹುದಾದ ಫೋಲ್ಡರಿನಲ್ಲಿ ಬೀದಿಬಸವನ ಹಾಗೆ ಬಿಡುವುದೇ? ಕಥೆಯ ರಾಕ್ಷಸರು ತಮ್ಮ ಪ್ರಾಣವನ್ನು ಏಳು ಕಡಲಿನಾಚೆ ಗಿಳಿಯಲ್ಲಿ ಬಚ್ಚಿಡುತ್ತಿದ್ದರಂತೆ. ಆ ಗಿಳಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಉಸಿರುಗಟ್ಟಿಸಿ ಕೊಂದ ರಾಕ್ಷಸ ಮಾತ್ರ ಯಾವ ಕಥೆಯಲ್ಲೂ ಇಲ್ಲ. ರಾಕ್ಷಸರಿಗೂ ಅಷ್ಟು ಬುದ್ಧಿ ಇತ್ತು.

ಕುಮಾರಯ್ಯ ಪೆನ್‌ಡ್ರೈವ್ ಚುಚ್ಚಿದ. ನಕಲು ಮಾಡಬಹುದಿತ್ತು. ಆದರೆ ನಕಲಿಗೆ ಪೂಜೆಯೇ? ಮೂಲವನ್ನೇ ಕತ್ತರಿಸಿ ತೆಗೆಯಹೊರಟ. 'ಈ ಫೈಲು ಬಳಕೆಯಲ್ಲಿದೆ' ಎಂದಿತು ಕಂಪ್ಯೂಟರ್.

"ಅದೇ ಅಲ್ವೇನೋ ತಪ್ಪಾಗಿರೋದು!" ಎಂದು ಗದರಿ, ಆ್ಯಪನ್ನು ನಿಲ್ಲಿಸಿ, ಎರಡೂ ಫೈಲನ್ನು ಎತ್ತಿ, ಆ್ಯಪನ್ನು ಮತ್ತೆ ಹೂಡಿದ. ಪೆನ್‌ಡ್ರೈವಿಗೆ ವಿಭೂತಿ ಹಚ್ಚಿ ರೇಶಿಮೆ ಚೌಕದಲ್ಲಿ ಸುತ್ತಿದ.

ಭಂಡಾರದ ಬೀಗಕ್ಕೆ ಎರಡು ಕಣ್ಣು. ಒಂದರ ಕೀಲಿ ಕುಮಾರಯ್ಯನದು, ಇನ್ನೊಂದರದು ಅರ್ಚಕ ಚಂದ್ರಮೌಳೇಶ್ವರ ಶಾಸ್ತ್ರಿಗಳದು. ಶಾಸ್ತ್ರಿಗಳು ಸಂಜೆ ಬಂದು ತಮ್ಮ ಕೀಲಿ ತಿರುಗಿಸಿ, ಆಕಳಿಸಿ, ಅದನ್ನು ಮತ್ತೆ ಉಡದಾರಕ್ಕೆ ಕಟ್ಟಿಕೊಂಡರು. ಬಾಗಿಲು ತೆರೆದದ್ದೇ ತೆರೆದದ್ದು ಎಂದು ಕುಮಾರಯ್ಯ ಇನ್ನೊಂದು ಗಂಟನ್ನೂ ಒಳಗಿಟ್ಟ. ಅದೇನೆಂದು ಶಾಸ್ತ್ರಿಗಳು ಕೇಳಲಿಲ್ಲ. ನಾವೂ ಸದ್ಯಕ್ಕೆ ಕೇಳುವುದು ಬೇಡ.

ಬುಧವಾರ ಬೆಳಗ್ಗೆ ಶಾಸ್ತ್ರಿಗಳು ಪ್ರಯಾಗಕ್ಕೆ ಹೋದರು. ಉಡದಾರವೂ ಜೊತೆಯಲ್ಲೇ ಹೋಯಿತು.

ಗುರುವಾರ ಹತ್ತು ಗಂಟೆಗೆ ಗದಗಿನ ಕಡೆಯ ನಲವತ್ತೆರಡು ಜನ ಮಠದ ಅಂಗಳದಲ್ಲಿ ಗಂಟುಮೂಟೆ ಇಳಿಸಿದರು. ತಂಡದ ಮುಂದಾಳು ಕಾಶಮ್ಮ. ಎಪ್ಪತ್ತನಾಲ್ಕು ವರ್ಷದ ಮುದುಕಿ. ಮೂರು ದಿನದ ರೈಲು ಅವಳ ಕಾಲನ್ನು ಊದಿಸಿತ್ತು, ನಾಲಗೆಯನ್ನು ಏನೂ ಮಾಡಿರಲಿಲ್ಲ.

"ಶರಣ್ರೀ ಅಯ್ಯನೋರ. ಕ್ವಾಣಿ ಎಲ್ಲದಾವು ತೋರಸ್ರಿ. ಜಳಕಾ ಮಾಡಿ ವಿಶ್ವನಾಥನ್ನ ನೋಡಬೇಕು."

"ಕೂತ್ಕೊಳ್ಳಿ ತಾಯಿ. ಈಗೆಲ್ಲ ಕಂಪ್ಯೂಟರ್" ಎಂದು ಕುಮಾರಯ್ಯ ತೋಳು ಮಡಚಿದ. ವೀರಭದ್ರಯ್ಯ ಹಿಂದೆ ಬಂದು ನಿಂತರು. ಅವನು ಗುಂಡಿ ಒತ್ತಿದ.

ಪ್ರಿಂಟರ್ ಕೆಮ್ಮಲೂ ಇಲ್ಲ. ತೆರೆಯ ಮೇಲೆ ಕೆಂಪು ಅಕ್ಷರದಲ್ಲಿ ಬಂತು: 'ಲೈಬ್ರರಿ ಸಿಗುತ್ತಿಲ್ಲ.'

ಕುಮಾರಯ್ಯ ಮತ್ತೆ ಒತ್ತಿದ. ಹಗುರಾಗಿ ಒತ್ತಿದ, ಜೋರಾಗಿ ಒತ್ತಿದ, ಬೇರೆ ಬೆರಳಿನಲ್ಲಿ ಒತ್ತಿದ.

"ಏನಂತೈತ್ರಿ ಅದು?" ಕಾಶಮ್ಮ ಕೇಳಿದಳು.

"ಯೋಚನೆ ಮಾಡ್ತಾ ಇದೆ ತಾಯಿ."

"ನಾವು ಬರ್ತೀವಿ ಅಂತ ಅದಕ್ಕ ತಿಂಗಳ ಹಿಂದನ ಹೇಳಿದ್ದಿವಲ್ಲೋ ಯಪ್ಪಾ. ಇಷ್ಟ ದಿನಾ ಏನ ಮಾಡಾಕತ್ತಿತ್ತು?"

ವೀರಭದ್ರಯ್ಯ ಬಲಗೈ ಮುಂದೆ ಚಾಚಿದರು, ಅಂಗೈ ಮೇಲಾಗಿ. ತೀರ್ಥಕ್ಕೆ ಚಾಚುವಂತೆ.

"ದಿನ ಇನ್ನೂ ಮುಗಿದಿಲ್ಲ!" ಎಂದು ಕುಮಾರಯ್ಯ ಸೊಂಟ ಹಿಡಿದುಕೊಂಡ. ಮೂಲೆಗೆ ಸರಿದು ಗ್ರೀಷ್ಮಾಳಿಗೆ ಫೋನ್ ಹಚ್ಚಿದ.

"ಫೈಲ್ ಅಲ್ಲೇ ಅದ ಅಲ್ರಿ ಕಾಕಾ?"

"ಇದೆಯಮ್ಮ. ಭದ್ರವಾಗಿದೆ."

"ಎಲ್ಲಿ?"

"ಭಂಡಾರದಲ್ಲಿ."

"ಅದ್ಯಾವ ಫೋಲ್ಡರ್ರಿ?"

"ಫೋಲ್ಡರಲ್ಲಮ್ಮ. ಭಂಡಾರ. ಕಬ್ಬಿಣದ ಬಾಗಿಲು. ರೇಶಿಮೆ ಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಜೋಡಿಕಣ್ಣಿನ ಬೀಗ ಹಾಕಿದೀನಿ. ಬ್ರಹ್ಮ ಬಂದರೂ ಮುಟ್ಟಕ್ಕಾಗಲ್ಲ."

ಆ ಕಡೆಯಿಂದ ನಿಧಾನವಾದ ದನಿ ಬಂತು.

"ಕಾಕಾ. ಆ್ಯಪಿಗೂ ಮುಟ್ಟಾಕ ಆಗಾಕತ್ತಿಲ್ಲರಿ."

ಅಷ್ಟರಲ್ಲಿ ಅಂಗಳ ಸಂತೆಯಾಗಿತ್ತು. ಒಬ್ಬಳು ಗಂಟು ಬಿಚ್ಚಿ ಸಜ್ಜೆರೊಟ್ಟಿ ಹಂಚಿದಳು, ಒಬ್ಬ ಭಜನೆ ಎತ್ತಿಕೊಂಡ, ಇನ್ನೊಬ್ಬ ವೀಡಿಯೊ ಮಾಡಿ 'ಮಠದಾಗ ಕಂಪ್ಯೂಟರ್ ಭೂತ' ಎಂದು ಊರಿಗೆ ಕಳಿಸಿದ. ಮೂವರು ಹೆಂಗಸರು ಕಂಪ್ಯೂಟರಿಗೆ ದೃಷ್ಟಿ ತೆಗೆದರು. ಗಲಾಟೆ ಕೇಳಿ ಅಡಿಗೆಮನೆಯಿಂದ ಜಗದಾಂಬ ಸೌಟು ಹಿಡಿದೇ ಬಂದಳು.

"ಏನ್ರೀ ಮಾಡಿದ್ರಿ?" ಎಂದಳು. ಏನಾಯಿತು ಎಂದು ಅವಳು ಎಂದೂ ಕೇಳಿದವಳಲ್ಲ.

"ಪದ್ಧತಿ ಪ್ರಕಾರ..."

"ಪದ್ಧತಿ ಪ್ರಕಾರ ನನ್ನ ತವರಿನ ಮಿಕ್ಸಿ ಒಳಗೆ ಹಾಕಿದ್ರಿ. ಒಂಬತ್ತು ವರ್ಷ ಆಯ್ತು, ನಾನಿನ್ನೂ ರುಬ್ಬುಗುಂಡಲ್ಲಿದೀನಿ."

ಗ್ರೀಷ್ಮಾ ಅಸ್ಸಿಯಿಂದ ಟೋಟೋ ಎಂಬ ಬ್ಯಾಟರಿ ರಿಕ್ಷಾ ಹತ್ತಿ ಬಂದಳು. ಕುಮಾರಯ್ಯ ಅವಳ ಕಾಲಿಗೆ ಬೀಳುವುದೊಂದು ಬಾಕಿ.

"ಶಾಸ್ತ್ರಿಗಳು ಪ್ರಯಾಗದಿಂದ ಬರೋದು ನಾಡಿದ್ದು. ಅಲ್ಲೀತನಕ ಆ ಫೈಲು..."

"ಆ ಫೈಲ್ ಯಾಕ ಬೇಕ್ರಿ? ಇನ್ನೊಂದು ಇಡ್ತೀನಿ."

"ಇನ್ನೊಂದು?"

"ನನ್ನ ಫೋನಿನ್ಯಾಗ ಅದ. ಅದನ್ನ ಬರದವರು ಇಡೀ ಜಗತ್ತಿಗೆ ಪುಕ್ಕಟ ಬಿಟ್ಟಾರ್ರಿ. ಲಕ್ಷಗಟ್ಟಲೆ ಮಂದಿ ಇಳಿಸಿಕೊಂಡಾರ."

ಕುಮಾರಯ್ಯ ಗೋಡೆಗೆ ಒರಗಿದ. ಜೋಡಿಕಣ್ಣಿನ ಬೀಗ ಹಾಕಿ ಕಾದದ್ದು ಬೀದಿಯ ನಲ್ಲಿನೀರು ಎಂಬುದನ್ನು ನಲವತ್ತೆರಡು ಜನರ ಎದುರು ತಿಳಿಯುವುದು ಯಾವ ಭಂಡಾರಿಗೂ ಬೇಡ.

ಅವಳಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಪ್ರಿಂಟರ್ ಕೆಮ್ಮಿತು. ಹದಿನೆಂಟು ಚೀಟಿ ಒಂದರ ಹಿಂದೊಂದು ಉದುರಿದವು. ಜನ ಹರಹರ ಎಂದರು. ಕಾಶಮ್ಮ ಮೊದಲ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ವೀರಭದ್ರಯ್ಯನವರ ಚಾಚಿದ ಕೈ ಹಾಗೇ ಮೇಲಕ್ಕೆ ಹೋಗಿ ತಲೆ ಕೆರೆದುಕೊಂಡಿತು.

ಕುಮಾರಯ್ಯನ ಬೆನ್ನು ನೆಟ್ಟಗಾಯಿತು. "ನೋಡಿದಿರಾ? ಚೀಟಿ ಬಂತು. ಪತ್ರದಲ್ಲಿ ಬರೆದಿರೋದು ಚೀಟಿ ಬಂದರೆ ಅಂತ. ಹೇಗೆ ಬಂತು ಅಂತ ಬರೆದಿಲ್ಲ."

"ಬಂತು" ಎಂದರು ವೀರಭದ್ರಯ್ಯ ಹಲ್ಲು ಕಚ್ಚಿ. "ಸರಿ, ಕೋಣೆ ತೆಗೆದುಕೊಡು."

ಕುಮಾರಯ್ಯನ ಮುಖದ ಬಣ್ಣ ಇಳಿಯಿತು.

"ಕೋಣೆಗಳ ಕೀಲಿ ಎಲ್ಲಿ, ಕುಮಾರಯ್ಯ?"

ಮಂಗಳವಾರದ ಆ ಇನ್ನೊಂದು ಗಂಟನ್ನು ಈಗ ಬಿಚ್ಚಬಹುದು. ತುಮಕೂರಿನ ಭಕ್ತರೊಬ್ಬರು ಕೋಣೆಯ ಕೀಲಿಗಳಿಗೆಂದು ನಂಬರು ಕೆತ್ತಿದ ಹದಿನೆಂಟು ಹಿತ್ತಾಳೆ ಬಿಲ್ಲೆ ಕಳಿಸಿದ್ದರು. ಕುಮಾರಯ್ಯ ಹುರುಪಿನಲ್ಲಿ ಹದಿನೆಂಟೂ ಕೀಲಿಗೆ ಬಿಲ್ಲೆ ಕಟ್ಟಿ ಮುಗಿಸಿದ. ಕಟ್ಟಿದ ಮೇಲೆ ಪದ್ಧತಿ ನೆನಪಾಯಿತು. ಬಿಚ್ಚುವ ಸೋಮಾರಿತನಕ್ಕೆ ಕೀಲಿ ಸಮೇತ ಒಳಗಿಟ್ಟ.

"ಸೋಮವಾರ..." ಎಂದು ಅವನು ತೊದಲಿದ. "ಒಂದು ಸೋಮವಾರ ಕಳೆದರೆ..."

"ಸ್ವಾಮಾರ?" ಕಾಶಮ್ಮ ಊದಿದ ಕಾಲಿನ ಮೇಲೆ ಎದ್ದು ನಿಂತಳು. "ಅಯ್ಯನೋರ, ಕಾಶಿಯೊಳಗ ಸತ್ತರ ಮುಕ್ತಿ ಅಂತಾರ, ನಂಗೂ ಗೊತ್ತೈತಿ. ಆದ್ರ ಜಳಕಾ ಮಾಡಿ ಸಾಯ್ತೀನಿ. ಒಡೀರಿ ಆ ಬೀಗಾನ!"

ನಲವತ್ತೊಂದು ಜನ ಹರಹರ ಎಂದರು. ವೀರಭದ್ರಯ್ಯ ಎಲ್ಲರಿಗಿಂತ ಜೋರಾಗಿ ಎಂದರು.

ಗಲ್ಲಿಯ ತುದಿಯಿಂದ ಬೀಗ ರಿಪೇರಿಯ ಮುದುಕ ಬಂದ. ಕುಮಾರಯ್ಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಆ ಬೀಗದ ಹಿರಿಮೆ, ಎರಡು ಕೀಲಿಯ ಗುಟ್ಟು, ಹಿಂದೆ ಕಳ್ಳರು ಅದನ್ನು ನೋಡಿಯೇ ಓಡಿದ ಕಥೆ ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದ. ಮುದುಕ ಪಾನ್ ಅಗಿಯುತ್ತ ಪೂರ್ತಿ ಕೇಳಿದ. "ಹಟಿಯೇ ಬಾಬಾ" ಎಂದು ಅವನನ್ನು ಸರಿಸಿ, ಸುತ್ತಿಗೆಯಿಂದ ಒಂದು ಕುಟ್ಟಿದ. ಬೀಗ ಎರಡು ಹೋಳಾಗಿ ಬಿತ್ತು.

"ಇದರ ಹೊಟ್ಟೆಯಲ್ಲಿ ಬರೀ ತುಕ್ಕು" ಎಂದ ಮುದುಕ. "ಮಗು ಎಳೆದಿದ್ದರೂ ಬರ್ತಿತ್ತು."

ಬಾಗಿಲು ಕಿರುಗುಟ್ಟಿತು. ಒಳಗಿದ್ದ ವೈಭವವನ್ನು ಜನ ಇಣುಕಿ ಇಣುಕಿ ನೋಡಿದರು. ನಿಂತು ಹೋದ ಹದಿಮೂರು ಗೋಡೆ ಗಡಿಯಾರ. ಹನ್ನೊಂದು ಕುಕ್ಕರ್. ನುಸಿ ತಿಂದು ಜರಡಿಯಾದ ಶಾಲುಗಳ ರಾಶಿ. ತುಪ್ಪವಾಗಿ ಬಂದು ಇನ್ನೇನೋ ಆಗಿದ್ದ ನಾಲ್ಕು ಡಬ್ಬಿ. ಮೂಲೆಯಲ್ಲಿ ಜಗದಾಂಬಳ ಮಿಕ್ಸಿ. ಅದರ ಪಕ್ಕದಲ್ಲಿ ಪೆಟ್ಟಿಗೆಯನ್ನೇ ಒಡೆಯದ, ಹದಿನೈದು ವರ್ಷದ ಹಿಂದೆ ದಾವಣಗೆರೆಯ ಭಕ್ತರು ಕೊಟ್ಟ ಇನ್ನೊಂದು ಕಂಪ್ಯೂಟರ್. ಎಲ್ಲದರ ಮುಂದೆ, ಪೀಠದ ಮೇಲೆ, ರೇಶಿಮೆ ಚೌಕದಲ್ಲಿ ಪೆನ್‌ಡ್ರೈವ್. ಇಲಿಯೊಂದು ಚೌಕದ ಅಂಚನ್ನು ತಿಂದು, ವಿಭೂತಿ ರುಚಿಸದೆ ಬಿಟ್ಟು ಹೋಗಿತ್ತು.

"ಅಯ್ಯನೋರ" ಎಂದಳು ಕಾಶಮ್ಮ, ಒಂದು ಕುಕ್ಕರಿನ ಮೇಲಿನ ಹೆಸರನ್ನು ಬೆರಳಿನಿಂದ ಒರೆಸಿ ಓದುತ್ತ. "ಇದು ನನ್ನ ಗಂಡ ಕೊಟ್ಟಿದ್ದು. ನಾಕ ಮಂದಿ ಉಣ್ಣಲಿ ಅಂತ ಕೊಟ್ಟಿದ್ದ. ಆತ ಹೋಗಿ ಆರ ವರ್ಷ ಆತು."

ಅವಳ ದನಿ ಏರಿರಲಿಲ್ಲ. ಕುಮಾರಯ್ಯನಿಗೆ ಮೊದಲ ಬಾರಿ ತಲೆಯಾಡಿಸುವುದು ಹೇಗೆಂದು ತಿಳಿಯಲಿಲ್ಲ.

ಜಗದಾಂಬ ಕುಕ್ಕರನ್ನು ಮುದುಕಿಯ ಕೈಯಿಂದ ತೆಗೆದುಕೊಂಡಳು, ಸೆರಗಿನಿಂದ ಒರೆಸಿದಳು. "ಇವತ್ತು ಬೇಳೆ ಇದರಲ್ಲೇ ಬೇಯುತ್ತೆ ತಾಯಿ. ನೀವು ಜಳಕ ಮಾಡಿ ಬನ್ನಿ." ಆಮೇಲೆ ಮಿಕ್ಸಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಂಡನನ್ನು ದಾಟಿಕೊಂಡು ಹೋದಳು. ಉಳಿದವರಿಗೆ ಯಾರೂ ಹೇಳಬೇಕಾಗಲಿಲ್ಲ. ಗಡಿಯಾರ ಗೋಡೆ ಹತ್ತಿದವು, ಕುಕ್ಕರ್ ಒಲೆ ಸೇರಿದವು, ಕೋಣೆಯ ಬಾಗಿಲು ಒಂದೊಂದಾಗಿ ತೆರೆದವು.

ವೀರಭದ್ರಯ್ಯ ಬರಿದಾದ ಭಂಡಾರದಲ್ಲಿ ಒಂದು ಸುತ್ತು ಹಾಕಿದರು. ಮೂರು ವರ್ಷದಿಂದ ಅವರು ಕನಸು ಕಂಡ ಕೀಲಿ ಕಾಯುತ್ತಿದ್ದದ್ದು ಇದನ್ನು. ಬಾಗಿಲ ಬಳಿ ಕುಮಾರಯ್ಯ ಸೊಂಟದ ಕೀಲಿ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ತಗೊಳ್ಳಿ."

"ಚೀಟಿ ಬಂತಲ್ಲ" ಎಂದರು ವೀರಭದ್ರಯ್ಯ ಹುಳಿ ಮುಖದಲ್ಲಿ. "ಹಿರಿಯ ಮಠದ ಅಪ್ಪಣೆ ಮೀರೋಕಾಗುತ್ತಾ? ಕೀಲಿ ನಿನ್ನದೇ. ಇಟ್ಕೋ."

ಅವರು ಹೊರಟು ಹೋದರು. ಬೀಗದ ಎರಡು ಹೋಳನ್ನು ಮುದುಕ ಆಗಲೇ ಗುಜರಿಗೆಂದು ಚೀಲಕ್ಕೆ ಹಾಕಿಕೊಂಡು ಹೋಗಿದ್ದ.

ಊಟವೆಲ್ಲ ಮುಗಿದ ಮೇಲೆ, ಇಳಿಬಿಸಿಲಿನಲ್ಲಿ, ಕುಮಾರಯ್ಯ ಜಗಲಿಯ ಮೇಲೆ ಕೀಲಿ ಮುಂದಿಟ್ಟುಕೊಂಡು ಕೂತಿದ್ದ. ಒಳಗೆ ಮಿಕ್ಸಿ ಒಂಬತ್ತು ವರ್ಷದ ಸಿಟ್ಟನ್ನೆಲ್ಲ ಚಟ್ನಿಯ ಮೇಲೆ ತೀರಿಸಿಕೊಳ್ಳುತ್ತಿತ್ತು. ಅದನ್ನು ನಿಲ್ಲಿಸಿ ಜಗದಾಂಬ ಬಾಗಿಲಿಗೆ ಬಂದಳು.

"ಗೋಶಾಲೆ ತಪ್ಪಿತಲ್ಲ, ಇನ್ನೂ ಯಾಕ್ರೀ ಮುಖ ಹಾಗೆ?"

"ಇದನ್ನ ಏನ್ ಮಾಡ್ಲೇ ನಾನು?"

"ಬೆನ್ನು ತುರಿಸ್ಕೊಳ್ಳಿ."

ಅವಳು ಒಳಗೆ ಹೋದಳು. ಕುಮಾರಯ್ಯನಿಗೆ ಅಪಾರ ಅವಮಾನವಾಯಿತು. ಇಪ್ಪತ್ತೆರಡು ವರ್ಷ ಮಠದ ಮಾನ ಕಾಯ್ದ ಕೀಲಿಗೆ ಈ ಮಾತೇ? ಅವನು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಆ ಮಾತನ್ನು ಮನಸ್ಸಿನಿಂದ ಓಡಿಸಲು ನೋಡಿದ. ಮಾತು ಹೋಯಿತು, ಆದರೆ ಎರಡು ರೆಕ್ಕೆಮೂಳೆಗಳ ನಟ್ಟನಡುವೆ, ಯಾವ ಕೈಗೂ ಎಟುಕದ ಜಾಗದಲ್ಲಿ, ಸಣ್ಣಗೆ ನವೆ ಶುರುವಾಯಿತು.

ಅವನು ಆ ಕಡೆ ನೋಡಿದ. ಈ ಕಡೆ ನೋಡಿದ. ಗಲ್ಲಿಯಲ್ಲಿ ಒಂದು ಎಮ್ಮೆಯ ಹೊರತು ಯಾರೂ ಇರಲಿಲ್ಲ. ಕೀಲಿಯನ್ನು ಮೆಲ್ಲಗೆ ಅಂಗಿಯ ಕೊರಳಿನಿಂದ ಒಳಕ್ಕೆ ಬಿಟ್ಟ. ಆಹಾ, ಕೂದಲೆಳೆಯಷ್ಟೂ ತಪ್ಪದೆ ಅದು ಹೋಗಿ ಮುಟ್ಟಬೇಕಾದಲ್ಲಿಗೆ ಮುಟ್ಟಿತು.